ಫೋನಿನ ಜಿಪಿಎಸ್ ಚುಕ್ಕಿನ ಎಷ್ಟು ನಂಬಬೋದು? ಬಾಂದು ಕಲ್ಲಿನ ಮೇಲೆ ಇಟ್ಟು ಪರೀಕ್ಷೆ ಮಾಡೋ ಸಮಗ್ರ ಮಾರ್ಗದರ್ಶಿ

ಮೂರ್ನಾಲ್ಕು ವರ್ಷದಿಂದ ಒಂದೇ ಕಥೆ ಕೇಳ್ತಾ ಇದೀನಿ. ಆಪ್ ಹಾಕ್ಕೊಂಡು ಜಮೀನಿನ ಸುತ್ತ ನಡ್ಕೊಂಡು ಬಂದೆ, 2 ಎಕರೆ 6 ಗುಂಟೆ ತೋರಿಸ್ತು, ಪಹಣಿಯಲ್ಲಿ ಇರೋದು 2 ಎಕರೆ, ಈಗ ನಾನು ಪಕ್ಕದವರದ್ದು ಒತ್ತಿದೀನಾ ಇಲ್ಲ ಪಹಣಿನೇ ತಪ್ಪಾ ಅಂತ. ಇನ್ನೊಬ್ಬರದ್ದು ಉಲ್ಟಾ, 6 ಗುಂಟೆ ಕಮ್ಮಿ ಬಂದಿದೆ, ಪಕ್ಕದವನ ಜೊತೆ ಆಗಲೇ ಜಗಳನೂ ಆಗಿದೆ. ಇಬ್ಬರೂ ಕೇಳದೇ ಇರೋ ಪ್ರಶ್ನೆ ಒಂದೇ: ಆ ಚುಕ್ಕಿ ನಿಂತಿರೋ ಜಾಗ ನಿಜವಾಗ್ಲೂ ನಾನು ನಿಂತಿರೋ ಜಾಗನಾ?

ನನಗೇನು ಇದರಲ್ಲಿ ಹುಟ್ಟಾ ಬುದ್ಧಿ ಇರ್ಲಿಲ್ಲ. ಒಂದ್ಸಲ ಫೋನಿನ ಚುಕ್ಕಿ ನಂಬಿ ಅಡಿಕೆ ಸಸಿಗೆ ಗುಂಡಿ ತೆಗೆಸಿದೆ, ಕೊನೇ ಸಾಲು ಪೂರ್ತಿ ಬದು ದಾಟಿ ಆಚೆ ಹೋಗಿತ್ತು. ಹನ್ನೊಂದು ಗುಂಡಿ. ತೆಗೆಸಿದ ಕೂಲಿನೂ ನಂದೇ ಮುಚ್ಚಿಸಿದ ಕೂಲಿನೂ ನಂದೇ. ಆಮೇಲೆ ಕೂತು ಕಲಿತಿದ್ದು ಇದು. ಕೆಳಗಿರೋ ಹಂತಗಳನ್ನ ಅದೇ ಕ್ರಮದಲ್ಲಿ ಮಾಡಿ, ಯಾಕಂದ್ರೆ 2ನೇ ಹಂತ ಬಿಟ್ಟು 5ನೇದು ಮಾಡಿದ್ರೆ ನೀವು ಪರೀಕ್ಷೆ ಮಾಡ್ತಿರೋದು ಉಪಗ್ರಹನ ಅಲ್ಲ, ಪಕ್ಕದ ಮನೆ ವೈಫೈನ.

ಬೇಕಾಗೋ ಸಾಮಾನು

ಆಂಡ್ರಾಯ್ಡ್ ಫೋನ್ ಆದ್ರೆ ಒಳ್ಳೇದು. ಐಫೋನ್‌ನಲ್ಲಿ ಯಾವ ಉಪಗ್ರಹ ಕಾಣ್ತಿದೆ, ಸಿಗ್ನಲ್ ಎಷ್ಟಿದೆ ಅನ್ನೋ ಒಳಗಿನ ಲೆಕ್ಕ ಆಪ್‌ಗಳಿಗೆ ಸಿಗೋದೇ ಇಲ್ಲ, ಹಾಗಾಗಿ 3ನೇ ಹಂತ ಮಾಡಕ್ಕಾಗಲ್ಲ, ಉಳಿದಿದ್ದೆಲ್ಲ ಮಾಡಬೋದು. ಜಿಪಿಎಸ್‌ಟೆಸ್ಟ್ ಅಂತ ಒಂದು ಉಚಿತ ಆಪ್ ಇದೆ, ಅದು ಸಾಕು, ಅದೇ ಥರ ಉಪಗ್ರಹದ ಪಟ್ಟಿ ತೋರಿಸೋ ಬೇರೆ ಯಾವ್ದಾದ್ರೂ ನಡೆಯುತ್ತೆ.

ಇನ್ನ 30 ಮೀಟರ್ ಟೇಪು, ನೋಟ್‌ಬುಕ್ಕು, ಪೆನ್ನು, ಎದೆ ಎತ್ತರದ ಒಂದು ಮರದ ಗೂಟ, ಫೋನ್ ಕಟ್ಟಕ್ಕೆ ದಪ್ಪ ರಬ್ಬರ್ ಬ್ಯಾಂಡು. ಗೂಟ ಮರದ್ದೇ ಆಗಿರ್ಲಿ, ಕಬ್ಬಿಣದ ಪೈಪ್ ಬೇಡ. ಮೊಬೈಲ್ ಕವರ್‌ಗೆ ಹಿಂದೆ ಮ್ಯಾಗ್ನೆಟ್ ಪ್ಲೇಟೋ ಲೋಹದ ರಿಂಗೋ ಅಂಟಿಸಿದ್ರೆ ಕವರ್ ಕಳಚಿ.

ಹಂತ 1: ನಿಮ್ಮ ಕೆಲಸಕ್ಕೆ ಎಷ್ಟು ತಪ್ಪು ನಡೆಯುತ್ತೆ, ಮೊದ್ಲೇ ಬರ್ಕೊಳ್ಳಿ

ಎಲ್ಲರೂ ಹಾರಿಸೋ ಹಂತ ಇದು. ಜಿಪಿಎಸ್ ಕರೆಕ್ಟಾ ಅಂತ ಕೇಳಿದ್ರೆ ಉತ್ತರನೇ ಇಲ್ಲ, ಯಾವುದಕ್ಕೆ ಕರೆಕ್ಟಾ ಅಂತ ಕೇಳಬೇಕು.

ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಮೀಟರ್ ಲೆಕ್ಕದಲ್ಲಿ ಹೆಚ್ಚೂ ಕಮ್ಮಿ 10ಕ್ಕೆ 10. ಮೇಲೆ ಏನೂ ಅಡ್ಡ ಇಲ್ಲದ ಬಯಲಲ್ಲಿ ಸ್ಮಾರ್ಟ್‌ಫೋನು ಸಾಮಾನ್ಯವಾಗಿ 5 ಮೀಟರ್ ಒಳಗೆ ಬರುತ್ತೆ ಅಂತಾರೆ. ಅಂದ್ರೆ ಗುಂಟೆ ಮಧ್ಯದಲ್ಲಿ ನಿಂತ್ರೆ ಚುಕ್ಕಿ ಈ ಬದುಗೂ ಹೋಗಬೋದು ಆ ಬದುಗೂ ಹೋಗಬೋದು, ಇಡೀ ಗುಂಟೆನೇ ಅದರ ತಪ್ಪಿನ ಅಳತೆ.

ಈಗ ಒಂದು ಎಕರೆ ತಗೊಳ್ಳಿ, ಚೌಕ ಅಂದ್ಕೊಂಡ್ರೆ ಒಂದೊಂದು ಬದಿ 63.6 ಮೀಟರ್. ನಾಲ್ಕೂ ಕಡೆ ಬರೀ 2 ಮೀಟರ್ ಹೊರಗೆ ಸರಿದ್ರೆ ಬದಿ 67.6 ಆಗುತ್ತೆ, ವಿಸ್ತೀರ್ಣ 5 ಗುಂಟೆ ಜಾಸ್ತಿ. ಮೇಲೆ ಹೇಳಿದ 2 ಎಕರೆ 6 ಗುಂಟೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ, ಯಾರೂ ಏನೂ ಒತ್ತಿಲ್ಲ.

ಹಾಗಾಗಿ ನೋಟ್‌ಬುಕ್ಕಿನ ಮೊದಲನೇ ಸಾಲಲ್ಲಿ ಬರೀರಿ. ದಾರಿ ಹುಡುಕಕ್ಕೆ, ಲೊಕೇಶನ್ ಶೇರ್ ಮಾಡಕ್ಕೆ 20 ಮೀಟರ್ ತಪ್ಪಿದ್ರೂ ನಡೆಯುತ್ತೆ. ಚಾರಣದಲ್ಲಿ ದಾರಿ ಕವಲೊಡೆಯೋ ಜಾಗ ಗುರುತು ಹಾಕ್ಕೊಳಕ್ಕೆ 10. ಬೋರ್‌ವೆಲ್ ಪಾಯಿಂಟ್ ನೆನಪಿಟ್ಕೊಳಕ್ಕೆ, ಪೈಪ್‌ಲೈನ್ ವಾಲ್ವ್ ಎಲ್ಲಿದೆ ಅಂತ ಆಮೇಲೆ ಹುಡುಕಕ್ಕೆ 5. ಬೇಲಿ, ಕಾಂಪೌಂಡು, ಕೊನೇ ಸಾಲಿನ ಗಿಡ ಇವಕ್ಕೆಲ್ಲ ಅರ್ಧ ಅಡಿ, ಇದಕ್ಕೆ ಬರೀ ಫೋನ್ ಯಾವ ಕಾಲಕ್ಕೂ ಆಗಲ್ಲ, ಕೆಳಗಿನದ್ದೆಲ್ಲ ಮಾಡಿದ್ರೂ ಆಗಲ್ಲ.

ಹಂತ 2: ಫೋನಿಗೆ ಉಪಗ್ರಹ ಒಂದನ್ನೇ ನೋಡೋ ಹಂಗೆ ಮಾಡಿ

ಮ್ಯಾಪಿನ ನೀಲಿ ಚುಕ್ಕಿ ಅಂದ್ರೆ ಜಿಪಿಎಸ್ ಅಂತ ತಿಳ್ಕೊಂಡಿರೋದೇ ಅರ್ಧ ತೊಂದ್ರೆ. ಫೋನು ವೈಫೈ, ಮೊಬೈಲ್ ಟವರ್, ನೀವು ನಡೆಯೋ ಹೆಜ್ಜೆ, ಉಪಗ್ರಹ ಎಲ್ಲ ಸೇರಿಸಿ ಒಂದು ಅಂದಾಜು ಕೊಡುತ್ತೆ. ಪೇಟೆಯಲ್ಲಿ ಇದರಿಂದ ಅನುಕೂಲ, ತೋಟದಲ್ಲಿ ಇದರಿಂದ ಗೊಂದಲ.

ಕ್ರಮ ಹೀಗೆ. ಮೊದಲು ಮನೇಲಿ ಇಂಟರ್ನೆಟ್ ಇದ್ದಾಗಲೇ ಆಪ್ ಓಪನ್ ಮಾಡಿ ಒಂದ್ಸಲ ಲಾಕ್ ಆಗೋಕೆ, ಅಂದ್ರೆ ಉಪಗ್ರಹ ಹಿಡಿದು ಜಾಗ ತೋರಿಸೋಕೆ ಬಿಡಿ, ಉಪಗ್ರಹಗಳು ಎಲ್ಲೆಲ್ಲಿವೆ ಅನ್ನೋ ಮಾಹಿತಿನ ಫೋನು ನೆಟ್‌ನಿಂದಲೇ ಬೇಗ ಇಳಿಸ್ಕೊಳ್ಳುತ್ತೆ. ಆಮೇಲೆ ಜಾಗಕ್ಕೆ ಹೋಗಿ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಬ್ಲೂಟೂತ್ ಎರಡೂ ಆಫ್ ಆಗಿದ್ಯಾ ನೋಡಿ, ಲೊಕೇಶನ್ ಆನ್ ಇರ್ಲಿ. ಏರೋಪ್ಲೇನ್ ಮೋಡಲ್ಲಿ ಜಿಪಿಎಸ್ ಬರಲ್ಲ ಅನ್ನೋದು ಸುಳ್ಳು, ಅದು ಬರೀ ಕೇಳಿಸ್ಕೊಳ್ಳೋ ರೇಡಿಯೋ, ಏನನ್ನೂ ಕಳಿಸಲ್ಲ. ನೆಟ್ ಇಲ್ಲದೇನೇ ಮೊದಲ ಸಲ ಲಾಕ್ ಆಗಬೇಕು ಅಂದ್ರೆ ಒಂದೊಂದು ಉಪಗ್ರಹದಿಂದ ಕಮ್ಮಿ ಅಂದ್ರೂ 30 ಸೆಕೆಂಡ್ ತಡೆ ಇಲ್ಲದೆ ಸಿಗ್ನಲ್ ಕೇಳಬೇಕು, ಮರದ ಕೆಳಗೆ ನಿಂತು ಎರಡು ನಿಮಿಷಕ್ಕೇ ಫೋನ್ ಸರಿಯಿಲ್ಲ ಅಂತ ಬೈಬೇಡಿ.

ಆಂಡ್ರಾಯ್ಡ್ ಡೆವಲಪರ್ ಆಪ್ಷನ್ಸ್ ಒಳಗೆ ಫೋರ್ಸ್ ಫುಲ್ ಜಿಎನ್ಎಸ್ಎಸ್ ಮೆಷರ್‌ಮೆಂಟ್ಸ್ ಅಂತ ಒಂದು ಸ್ವಿಚ್ ಇರುತ್ತೆ, ಪರೀಕ್ಷೆ ಮುಗಿಯೋವರೆಗೂ ಅದನ್ನ ಆನ್ ಮಾಡಿ. ಬ್ಯಾಟರಿ ಉಳಿಸಕ್ಕೆ ಅಂತ ಫೋನು ಜಿಪಿಎಸ್‌ನ ಮಧ್ಯೆ ಮಧ್ಯೆ ಮಲಗಿಸ್ತಿರುತ್ತೆ, ಅದನ್ನ ತಪ್ಪಿಸೋಕೆ ಇದು. ಅಲ್ಲೇ ಮಾಕ್ ಲೊಕೇಶನ್ ಆಪ್ (ಸುಳ್ಳು ಜಾಗ ತೋರಿಸೋ ಆಪ್) ಅಂತ ಇರೋ ಕಡೆ ಯಾವ್ದೂ ಆಯ್ಕೆ ಆಗಿಲ್ಲ ಅಂತ ನೋಡ್ಕೊಳ್ಳಿ. ಹಾಜರಾತಿ ಆಪ್‌ಗೆ ಟೋಪಿ ಹಾಕಕ್ಕೆ ಯಾವತ್ತೋ ಹಾಕಿ ಮರೆತಿರ್ತಾರೆ!

ಕೊನೇದಾಗಿ ಅಕ್ಷಾಂಶ ರೇಖಾಂಶ ತೋರಿಸೋ ರೀತಿನ ದಶಮಾಂಶಕ್ಕೆ ಬದಲಾಯಿಸಿ, ದಶಮಾಂಶದ ಚುಕ್ಕಿ ಆದ್ಮೇಲೆ ಕನಿಷ್ಠ 5 ಅಂಕಿ ಕಾಣಬೇಕು. 12 ಡಿಗ್ರಿ 30 ನಿಮಿಷ 45 ಸೆಕೆಂಡ್ ಅನ್ನೋದನ್ನ 12.3045 ಅಂತ ಟೈಪ್ ಮಾಡೋರು ಇವತ್ತಿಗೂ ಸಿಗ್ತಾರೆ, ಅದು ನಿಜವಾಗಿ 12.5125, ಎರಡಕ್ಕೂ ಮಧ್ಯೆ 23 ಕಿಲೋಮೀಟರ್ ಅಂತರ. ಇಂಥ ತಪ್ಪಿಗೆ ಉಪಗ್ರಹ ಏನ್ ಮಾಡುತ್ತೆ.

ಹಂತ 3: ಫೋನಿಗೆ ಆಕಾಶ ಎಷ್ಟು ಕಾಣ್ತಿದೆ ನೋಡಿ

ಗೂಟ ನೆಟ್ಟು ಫೋನ್ ಕಟ್ಟಿ, ಸ್ಕ್ರೀನ್ ಆಕಾಶದ ಕಡೆ ಇರ್ಲಿ, ನೀವು ಎರಡು ಹೆಜ್ಜೆ ದೂರ ಕೂತ್ಕೊಳ್ಳಿ. ಕೈಯಲ್ಲಿ ಹಿಡ್ಕೊಂಡು ಮೇಲೆ ಬಗ್ಗಿದ್ರೆ ಅರ್ಧ ಆಕಾಶನ ನೀವೇ ಮುಚ್ಚಿರ್ತೀರ. 20,000 ಕಿಲೋಮೀಟರ್ ಮೇಲಿಂದ ಬರೋ ಈ ಸಿಗ್ನಲ್ ಎಷ್ಟು ನಿಶ್ಶಕ್ತ ಅಂದ್ರೆ ಮನುಷ್ಯನ ಮೈ ಅಡ್ಡ ಬಂದ್ರೂ ಸಾಕು.

ಆಪ್ ಪಟ್ಟಿಯಲ್ಲಿ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ನಮ್ಮ ನಾವಿಕ್ ಎಲ್ಲ ಸೇರಿ ಮೂವತ್ತು ನಲವತ್ತು ಸಾಲು ಕಾಣಬೋದು. ಒಟ್ಟು ಎಷ್ಟು ಕಾಣ್ತಿದೆ ಅನ್ನೋದು ಮುಖ್ಯ ಅಲ್ಲ. ಮೂರು ವಿಷಯ ನೋಡಿ.

ಒಂದು, ಫಿಕ್ಸ್‌ಗೆ ಅಂದ್ರೆ ಜಾಗದ ಲೆಕ್ಕಕ್ಕೆ ಬಳಸಿದ್ದು ಎಷ್ಟು. ಪಟ್ಟಿಯಲ್ಲಿ ಇರೋದಕ್ಕೂ ಲೆಕ್ಕಕ್ಕೆ ತಗೊಂಡಿರೋದಕ್ಕೂ ವ್ಯತ್ಯಾಸ ಇದೆ. ನಾವಿಕ್ ವಿಷಯದಲ್ಲಂತೂ ಇದನ್ನ ನೋಡ್ಲೇಬೇಕು, ಅದರ ಹಳೇ ಉಪಗ್ರಹಗಳು ಎಲ್5 ಮತ್ತೆ ಎಸ್ ಅನ್ನೋ ಫ್ರೀಕ್ವೆನ್ಸಿಗಳಲ್ಲಿ ಮಾತ್ರ ಮಾತಾಡ್ತವೆ, ಎಲ್ಲ ಫೋನೂ ಕೇಳೋ ಎಲ್1 ಫ್ರೀಕ್ವೆನ್ಸಿ ಬಂದಿದ್ದು 2023ರ ಮೇನಲ್ಲಿ ಹೋದ ಎನ್‌ವಿಎಸ್-01ರಿಂದ. ಎಲ್5 ಇಲ್ಲದ ಫೋನಿಗೆ ಆ ಹಳೇವು ಇದ್ರೂ ಒಂದೇ ಇಲ್ದಿದ್ರೂ ಒಂದೇ. ನಾವಿಕ್‌ನ ನ್ಯಾವಿಗೇಶನ್ ಸೆಂಟರ್ ಇರೋದು ಬೆಂಗಳೂರು ಹತ್ರ ನಮ್ಮ ಬ್ಯಾಲಾಳುವಿನಲ್ಲೇ, ಆದ್ರೂ ಬಾಕ್ಸ್ ಮೇಲೆ ಹೆಸರಿದೆ ಅಂತ ಖುಷಿ ಪಡೋ ಮೊದಲು ಆ ಸಾಲಿನ ಮುಂದೆ ಬಳಕೆಯ ಗುರುತು ಇದ್ಯಾ ನೋಡಿ.

ಎರಡು, ಸಿಗ್ನಲ್ ಬಲ. ಆಪ್‌ನಲ್ಲಿ ಡಿಬಿ-ಹರ್ಟ್ಜ್ ಅಂತ ಒಂದು ನಂಬರ್ ಇರುತ್ತೆ. ಬಯಲಲ್ಲಿ ನಿಂತಾಗ ತಲೆ ಮೇಲಿರೋ ಉಪಗ್ರಹಗಳದ್ದು 35ರಿಂದ 45 ಮಧ್ಯೆ ಇರಬೇಕು. ಎಲ್ಲವೂ 25ರ ಕೆಳಗೆ ಇದ್ರೆ ಫೋನು ಗೋಡೆ ಮರ ಬಂಡೆಗೆ ಬಡಿದು ಬರೋ ಪ್ರತಿಧ್ವನಿನ ಕೇಳ್ತಿದೆ ಅಂತ ಅನುಮಾನ ಪಡಿ. ಬಡಿದು ಬರೋ ಸಿಗ್ನಲ್ಲು ತಡವಾಗಿ ಬರುತ್ತೆ, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಡ ಆದ್ರೂ ದೂರದ ಲೆಕ್ಕ 30 ಸೆಂಟಿಮೀಟರ್ ತಪ್ಪುತ್ತೆ. ಮಳೆ ನಿಂತ ಮೇಲೆ ಎಲೆಯೆಲ್ಲ ತೊಯ್ದಿರೋ ಅಡಿಕೆ ತೋಟ, ಪಂಪ್‌ಹೌಸಿನ ಜಿಂಕ್ ಶೀಟ್ ಪಕ್ಕ, ಲೇಔಟ್‌ನಲ್ಲಿ ಗಾಜಿನ ಬಿಲ್ಡಿಂಗ್ ಎದುರು, ಈ ಮೂರೂ ಕಡೆ ಇದೇ ಕಾಟ.

ಮೂರು, ಹರಡ್ಕೊಂಡಿದ್ದಾವಾ. ಎಲ್ಲ ಉಪಗ್ರಹನೂ ಆಕಾಶದ ಒಂದೇ ಮೂಲೇಲಿ ಇದ್ರೆ ಹತ್ತು ಇದ್ದೂ ಪ್ರಯೋಜನ ಇಲ್ಲ. ಆಪ್ ಇದನ್ನ ಎಚ್‌ಡಿಒಪಿ ಅಂತ ತೋರಿಸುತ್ತೆ, 1ರ ಆಸುಪಾಸು ಇದ್ರೆ ಚೆನ್ನಾಗಿದೆ, 2ರವರೆಗೂ ಪರವಾಗಿಲ್ಲ, 5 ದಾಟಿದ್ರೆ ಅವತ್ತಿನ ಕೆಲಸ ಬಿಟ್ಟು ಕಾಫಿ ಕುಡೀರಿ. ಮಲೆನಾಡಲ್ಲಿ ಕಣಿವೆ ತಳದಲ್ಲಿ ನಿಂತ್ರೆ ಹೀಗೇ ಆಗೋದು, ಎರಡೂ ಕಡೆ ಗುಡ್ಡ, ಮೇಲೆ ಒಂದು ಪಟ್ಟಿ ಆಕಾಶ. ಆ ಪಟ್ಟಿ ಉದ್ದಕ್ಕೆ ಚುಕ್ಕಿ ಸರಿಯಾಗಿರುತ್ತೆ, ಅಡ್ಡಕ್ಕೆ ಗುಡ್ಡದ ಕಡೆ ಜಾರುತ್ತೆ. ಆದ್ರೆ ನೆನಪಿಡಿ, ಎಚ್‌ಡಿಒಪಿ ಬರೀ ಜೋಡಣೆ ಹೇಳೋದು, ಪ್ರತಿಧ್ವನಿ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. 0.8 ತೋರಿಸಿ 10 ಮೀಟರ್ ತಪ್ಪಿಸಿದ್ದನ್ನ ನಾನೇ ನೋಡಿದೀನಿ.

ಎಲ್1 ಜೊತೆ ಎಲ್5 ಸಾಲೂ ಕಾಣ್ತಿದ್ರೆ ನಿಮ್ಮದು ಡ್ಯುಯಲ್ ಫ್ರೀಕ್ವೆನ್ಸಿ ಫೋನು, 2018ರಿಂದ ಈಚೆಗೆ ಬರ್ತಿವೆ. ಅದಕ್ಕೆ ಪ್ರತಿಧ್ವನಿ ಕಾಟ ಸ್ವಲ್ಪ ಕಮ್ಮಿ, 5ನೇ ಹಂತದಲ್ಲಿ ಬರೋ ವಾತಾವರಣದ ಕಾಟನೂ ಕಮ್ಮಿ.

ಹಂತ 4: ಪ್ಲಸ್-ಮೈನಸ್ ನಂಬರ್ ಓದೋದು ಕಲೀರಿ

ಆಪ್ ಪ್ಲಸ್-ಮೈನಸ್ 4 ಮೀಟರ್ ಅಂತ ತೋರಿಸುತ್ತೆ, ಎಲ್ಲರೂ ಅದನ್ನ ತಪ್ಪಿದ್ರೆ ಜಾಸ್ತಿ ಅಂದ್ರೆ 4 ಮೀಟರ್ ಅಂತ ಓದ್ತಾರೆ. ಹಂಗಲ್ಲ. ಆಂಡ್ರಾಯ್ಡ್‌ನಲ್ಲಿ ಅದರ ಅರ್ಥ, ನಿಜವಾದ ಜಾಗ ಈ 4 ಮೀಟರ್ ವೃತ್ತದ ಒಳಗೆ ಇರೋ ಸಾಧ್ಯತೆ 68 ಪರ್ಸೆಂಟ್ ಅಂತ. ಅಂದ್ರೆ ಹತ್ತರಲ್ಲಿ ಮೂರು ಸಲ ಹೊರಗೇ ಇರುತ್ತೆ, ಅದು ತಪ್ಪಲ್ಲ, ಅದು ಹೇಳ್ತಿರೋದೇ ಅದು. ನೂರಕ್ಕೆ 95 ಸಲ ಒಳಗಿರಬೇಕು ಅಂದ್ರೆ ಸುಮಾರು 1.6ರಿಂದ ಗುಣಿಸಿ, 4 ಅನ್ನೋದು ಆರೂವರೆ ಆಗುತ್ತೆ.

ಅದಕ್ಕಿಂತ ದೊಡ್ಡ ವಿಷಯ, ಈ ನಂಬರ್ ಫೋನಿನ ಸ್ವಂತ ಅಭಿಪ್ರಾಯ. ಪರೀಕ್ಷೆ ಬರೆದ ಹುಡುಗ ಮನೆಗೆ ಬಂದು ನನಗೆ 90 ಬರುತ್ತೆ ಅಂದಂಗೆ. ಬರಬೋದು, ಬರದೇನೂ ಇರಬೋದು. ಬೇರೆ ಬೇರೆ ಕಂಪನಿ ಫೋನು ಬೇರೆ ಬೇರೆ ಥರ ಅಂದಾಜು ಮಾಡ್ತವೆ, ಅದಕ್ಕೇ ಎರಡು ಫೋನ್ ಪಕ್ಕಪಕ್ಕ ಇಟ್ಟು 3 ತೋರಿಸೋದು 5 ತೋರಿಸೋದಕ್ಕಿಂತ ಒಳ್ಳೇದು ಅಂತ ತೀರ್ಮಾನ ಮಾಡಬಾರದು. ಮಾರ್ಕ್ಸ್ ಕಾರ್ಡ್ ಬರೋದು ಮುಂದಿನ ಹಂತದಲ್ಲಿ.

ಹಂತ 5: ಒಂದೇ ಕಲ್ಲು, ಬೇರೆ ಬೇರೆ ಹೊತ್ತು

ಇದೇ ನಿಜವಾದ ಪರೀಕ್ಷೆ, ಉಳಿದಿದ್ದೆಲ್ಲ ಇದಕ್ಕೆ ತಯಾರಿ. ಅಲ್ಲಾಡದ ಒಂದು ಗುರುತು ಆರಿಸಿ, ಬಾಂದು ಕಲ್ಲೇ ಒಳ್ಳೇದು, ಇಲ್ದಿದ್ರೆ ಬಾವಿ ಕಟ್ಟೆ ಮೂಲೆ, ಮೋರಿ ಕಟ್ಟೆ. ಗೂಟನ ಪ್ರತಿ ಸಲ ಕಲ್ಲಿನ ಅದೇ ಕಡೆ, ಕಲ್ಲಿಗೆ ಅಂಟಿಸಿಯೇ ನಿಲ್ಲಿಸಿ. ಆಪ್ ಓಪನ್ ಮಾಡಿ, ಲಾಕ್ ಆದ್ಮೇಲೆ ಮೂರು ನಿಮಿಷ ಸುಮ್ಮನೆ ಬಿಡಿ, ಆಮೇಲೆ ಬರ್ಕೊಳ್ಳಿ: ದಿನ, ಟೈಮು, ಅಕ್ಷಾಂಶ, ರೇಖಾಂಶ, ಫೋನ್ ಹೇಳಿದ ಪ್ಲಸ್-ಮೈನಸ್, ಬಳಸಿದ ಉಪಗ್ರಹ ಎಷ್ಟು. ಆಪ್ ಮುಚ್ಚಿ, ಬೇರೆ ಕೆಲಸ ಮಾಡಿ, ಮತ್ತೆ ಬನ್ನಿ. ಕಮ್ಮಿ ಅಂದ್ರೆ ಹತ್ತು ಸಲ, ಮೂರು ದಿನದಲ್ಲಿ.

ಇಲ್ಲಿ ಜನ ಮಾಡೋ ತಪ್ಪು ಎರಡು. ಮೊದಲನೇದು, ಒಂದೇ ಸಲ ಕೂತು ಸೆಕೆಂಡಿಗೊಂದರಂತೆ ಅರವತ್ತು ರೀಡಿಂಗ್ ತಗೊಂಡು ಸರಾಸರಿ ಮಾಡಿದೀನಿ, ಒಂದು ಅಡಿನೂ ಆಚೀಚೆ ಹೋಗಿಲ್ಲ ಅನ್ನೋದು. ಆ ಅರವತ್ತೂ ಒಂದೇ ರೀಡಿಂಗು ಕಣ್ರೀ. ಪ್ರತಿಧ್ವನಿ, ವಾತಾವರಣ, ಉಪಗ್ರಹದ ಜಾಗ ಇವೆಲ್ಲ ನಿಧಾನಕ್ಕೆ ಬದಲಾಗೋ ತಪ್ಪುಗಳು, ಒಂದು ನಿಮಿಷದಲ್ಲಿ ಅವು ಅಲ್ಲೇ ಇರ್ತವೆ. ಕೆಟ್ಟು ನಿಂತ ಗಡಿಯಾರನ ಅರವತ್ತು ಸಲ ನೋಡಿ ಸರಾಸರಿ ತೆಗೆದ್ರೆ ಟೈಮ್ ಸರಿಯಾಗುತ್ತಾ?

ಎರಡನೇದು ನಾನೂ ಮಾಡಿದ್ದೆ. ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಅಳೀತಿದ್ದೆ, ಮೂರು ದಿನನೂ ಒಂದೂವರೆ ಮೀಟರ್ ಒಳಗೇ ಬರ್ತಿತ್ತು, ಆಹಾ ಅಂದ್ಕೊಂಡೆ. ನಾಲ್ಕನೇ ದಿನ ಮಧ್ಯಾಹ್ನ ಹೋದೆ, ಚುಕ್ಕಿ ಕಾಲುವೆ ಆಚೆ. ಕಾರಣ ಏನಂದ್ರೆ ಜಿಪಿಎಸ್ ಉಪಗ್ರಹಗಳು ದಿನಕ್ಕೆ ಎರಡು ಸುತ್ತು ಹೊಡೆದು ಮರುದಿನ ನಾಲ್ಕು ನಿಮಿಷ ಮೊದಲೇ ಆಕಾಶದ ಅದೇ ಜಾಗಕ್ಕೆ ಬರ್ತವೆ. ಅದೇ ಹೊತ್ತು, ಅದೇ ಕಲ್ಲು, ಅದೇ ಮರ ಅಂದ್ರೆ ಪ್ರತಿಧ್ವನಿನೂ ಹೆಚ್ಚೂ ಕಮ್ಮಿ ಅದೇ. ತಪ್ಪು ಕೂಡ ದಿನಾ ಟೈಮಿಗೆ ಸರಿಯಾಗಿ ಬಂದು ಹಾಜರಿ ಹಾಕುತ್ತೆ. ಹಾಗಾಗಿ ಒಂದು ದಿನ ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5 ಅಂದ್ರೆ ಮರುದಿನ 9, 2, 4 ಥರ ಚೆದುರಿಸಿ.

ಮಧ್ಯಾಹ್ನದ್ದು ಯಾಕೆ ಹಾಗೆ ಅಂತ ಒಂದು ಮಾತು. ಮೇಲಿನ ವಾತಾವರಣದಲ್ಲಿ ಅಯಾನುಗೋಳ ಅಂತ ಒಂದು ಪದರ ಇದೆ, ಬಿಸಿಲಿಗೆ ಅದು ದಟ್ಟ ಆಗುತ್ತೆ, ಸಿಗ್ನಲ್ ಅದರೊಳಗೆ ನಿಧಾನ ಆಗುತ್ತೆ, ಮಧ್ಯಾಹ್ನ ಎರಡರ ಹೊತ್ತಿಗೆ ಜಾಸ್ತಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿ ಹತ್ರಾನೇ ಹಾದು ಹೋಗೋದ್ರಿಂದ ನಮ್ಮ ಕಡೆ ಈ ಕಾಟ ಯುರೋಪಿಗಿಂತ ಜೋರು. ಬರೀ ಎಲ್1 ಇರೋ ಫೋನು ಒಂದು ಸಾಮಾನ್ಯ ಸೂತ್ರ ಹಾಕಿ ಇದರಲ್ಲಿ ಸುಮಾರು ಅರ್ಧ ಕಳೆಯುತ್ತೆ, ಉಳಿದರ್ಧ ನಿಮ್ಮ ತಲೆ ಮೇಲೆ. ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿವರೆಗೆ ಇನ್ನೊಂದು ಥರದ್ದು, ಅದೇ ಪದರ ಗುಳ್ಳೆ ಗುಳ್ಳೆ ಆಗಿ ಸಿಗ್ನಲ್ ಮಿನುಗಕ್ಕೆ ಶುರು ಆಗುತ್ತೆ, ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಜಾಸ್ತಿ ಇರೋ ವರ್ಷಗಳಲ್ಲಿ. ರಾತ್ರಿ ಚಾರಣ ಹೋಗೋರು ಗಮನಿಸಿ.

ಹಂತ 6: ಲೆಕ್ಕ ಹಾಕಿ

ಗಾಬರಿ ಬೇಡ, ಹೈಸ್ಕೂಲ್ ಲೆಕ್ಕ. ನಮ್ಮ ರಾಜ್ಯದಲ್ಲಿ ಅಕ್ಷಾಂಶದ ಐದನೇ ದಶಮಾಂಶದಲ್ಲಿ 1 ಬದಲಾದ್ರೆ ನೆಲದ ಮೇಲೆ ಸುಮಾರು 1.1 ಮೀಟರ್ ಉತ್ತರ-ದಕ್ಷಿಣ. ರೇಖಾಂಶದಲ್ಲಿ 1 ಬದಲಾದ್ರೆ ಸುಮಾರು 1.08 ಮೀಟರ್ ಪೂರ್ವ-ಪಶ್ಚಿಮ.

ನನ್ನ ಒಂದು ಕಲ್ಲಿನ ಹತ್ತು ರೀಡಿಂಗ್ ಹೀಗಿತ್ತು, ಕೊನೇ ಎರಡಂಕಿ ಮಾತ್ರ ಬರೀತೀನಿ, ಮುಂದಿನದ್ದೆಲ್ಲ ಒಂದೇ. ಅಕ್ಷಾಂಶ: 12, 14, 11, 17, 13, 09, 12, 15, 13, 14. ರೇಖಾಂಶ: 41, 43, 40, 38, 44, 42, 45, 41, 39, 47. ಸರಾಸರಿ 13 ಮತ್ತೆ 42. ಈಗ ಒಂದೊಂದು ರೀಡಿಂಗೂ ಸರಾಸರಿಯಿಂದ ಎಷ್ಟು ದೂರ ಅಂತ ತೆಗೀಬೇಕು. ನಾಲ್ಕನೇದು ನೋಡಿ, 17ರಿಂದ 13 ಕಳೆದ್ರೆ 4, ಗುಣಿಸು 1.1, ಅಂದ್ರೆ 4.4 ಮೀಟರ್ ಉತ್ತರಕ್ಕೆ. 42ರಿಂದ 38 ಕಳೆದ್ರೆ 4, ಗುಣಿಸು 1.08, ಅಂದ್ರೆ 4.3 ಮೀಟರ್ ಪಶ್ಚಿಮಕ್ಕೆ. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದ್ರೆ 6.2 ಮೀಟರ್. ಹಿಂಗೇ ಹತ್ತೂ ಮಾಡಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ: 1.5, 1.5, 2.2, 2.5, 3.1, 3.2, 3.4, 4.4, 5.5, 6.2.

ಏಳನೇ ನಂಬರ್ ನೋಡಿ, 3.4. ಹತ್ತರಲ್ಲಿ ಏಳು ಅಂದ್ರೆ ಫೋನು ಹೇಳೋ 68 ಪರ್ಸೆಂಟ್ ಹತ್ತಿರ ಹತ್ತಿರ. ಫೋನ್ ಅಷ್ಟೂ ಸಲ ಹೇಳಿದ್ದು 4 ಆಸುಪಾಸು. ಸರಿ, ಈ ಜಾಗದಲ್ಲಿ ಈ ಫೋನು ಸುಳ್ಳು ಹೇಳ್ತಿಲ್ಲ. ಆದ್ರೆ ನಾನು ಕೆಲಸಕ್ಕೆ ಹಿಡಿಯೋದು 3.4 ಅಲ್ಲ, ಕೊನೇ ನಂಬರು, 6.2. ಗುಂಡಿ ತೆಗೆಯೋ ದಿನ ಯಾವ ರೀಡಿಂಗ್ ಸಿಗುತ್ತೆ ಅಂತ ನನಗೇನು ಗೊತ್ತು?

ಇದೇ ಫೋನು ಅಡಿಕೆ ತೋಟದ ಒಳಗಿನ ಕಲ್ಲಿನ ಮೇಲೆ ಇಟ್ಟಾಗ ಆಗಲೂ 4 ಅಂತಾನೇ ಹೇಳ್ತಿತ್ತು, ಏಳನೇ ನಂಬರ್ 9 ದಾಟಿತ್ತು. ಹಾಗಾಗಿ ಬಯಲಲ್ಲಿ ಮಾಡಿದ ಪರೀಕ್ಷೆ ತೋಟಕ್ಕೆ ಲೆಕ್ಕಕ್ಕಿಲ್ಲ, ಎಲ್ಲಿ ಬಳಸ್ತೀರೋ ಅಲ್ಲೇ ಪರೀಕ್ಷೆ ಮಾಡಿ.

ಒಂದು ಎಚ್ಚರಿಕೆ. ಈ ಲೆಕ್ಕ ಹೇಳೋದು ಚುಕ್ಕಿ ಎಷ್ಟು ಚೆದುರುತ್ತೆ ಅಂತ ಮಾತ್ರ. ಹತ್ತೂ ಚುಕ್ಕಿ ಒಟ್ಟಿಗೇ ಎರಡು ಮೀಟರ್ ಪೂರ್ವಕ್ಕೆ ಸರಿದಿದ್ರೆ ಇದರಲ್ಲಿ ಕಾಣಲ್ಲ. ಅದು ಗೊತ್ತಾಗಬೇಕಾದ್ರೆ ಆ ಕಲ್ಲನ್ನ ಯಾರಾದ್ರೂ ಸರ್ವೆಯವರ ನಿಖರ ಜಿಪಿಎಸ್ ಯಂತ್ರ ಅಂದ್ರೆ ರೋವರ್‌ನಲ್ಲಿ ಅಳೆದು ಕೊಟ್ಟ ನಂಬರ್ ಬೇಕು. ಊರಲ್ಲಿ ಯಾವ್ದಾದ್ರೂ ಸರ್ವೆ ಆಗಿದ್ರೆ ಕೇಳಿ ಇಸ್ಕೊಳ್ಳಿ, ಚಿನ್ನದಂಥ ಮಾಹಿತಿ ಅದು.

ಹಂತ 7: ಟೇಪ್ ಹಿಡಿದು ಅಡ್ಡಪರೀಕ್ಷೆ

ಟೇಪ್‌ನ ಉತ್ತರ-ದಕ್ಷಿಣಕ್ಕೆ 30 ಮೀಟರ್ ಎಳೆದು ಎರಡೂ ತುದಿಗೆ ಗೂಟ ಹೊಡೀರಿ. ಈ ತುದಿ ರೀಡಿಂಗ್, ಆ ತುದಿ ರೀಡಿಂಗ್, ಅಕ್ಷಾಂಶದ ಐದನೇ ಅಂಕಿಯಲ್ಲಿ 27 ವ್ಯತ್ಯಾಸ ಬರಬೇಕು. ಐದು ಸಲ ಹೋಗಿ ಬಂದು ಮಾಡಿ.

ಇಲ್ಲಿ ಒಂದು ಮಜಾ ಕಾಣುತ್ತೆ. ಹತ್ತು ನಿಮಿಷದ ಒಳಗೆ ಬಿಡದೆ ಮಾಡಿದ್ರೆ 26, 27, 28 ಅಂತ ಚೆನ್ನಾಗೇ ಬರುತ್ತೆ. ಈ ತುದಿ ಬೆಳಿಗ್ಗೆ, ಆ ತುದಿ ಸಂಜೆ ತಗೊಂಡ್ರೆ 22ನೂ ಬರುತ್ತೆ 33ನೂ ಬರುತ್ತೆ. ಒಂದೇ ಹೊತ್ತಲ್ಲಿ ಅಳೆದಾಗ ಎರಡೂ ತುದಿಯ ತಪ್ಪು ಒಂದೇ ಕಡೆ ವಾಲಿರುತ್ತೆ, ಕಳೆದಾಗ ಹೊರಟು ಹೋಗುತ್ತೆ. ಹಾಗಾಗಿ ವಿಸ್ತೀರ್ಣದ ಅಂದಾಜು ಬೇಕು ಅಂದ್ರೆ ಒಂದೇ ಉಸಿರಲ್ಲಿ ಎಲ್ಲ ಮೂಲೆ ಮುಗಿಸಿ, ಅರ್ಧ ಇವತ್ತು ಅರ್ಧ ನಾಳೆ ಮಾಡಬೇಡಿ. ಮೂಲೆಯಲ್ಲಿ ನಿಂತು ಪಾಯಿಂಟ್ ಹಾಕಿ, ನಡ್ಕೊಂಡು ಗೆರೆ ಎಳೆಯೋ ಮೋಡ್ ಬೇಡ, ಅದು ಬಾಗಿದ ಕಡೆಯೆಲ್ಲ ಮೂಲೆ ಕತ್ತರಿಸುತ್ತೆ.

ಹಂತ 8: ಮ್ಯಾಪಿನ ಜೊತೆ ಹೋಲಿಸೋ ಮೊದಲು ಮ್ಯಾಪನ್ನೇ ಅನುಮಾನಿಸಿ

ಚುಕ್ಕಿ ಬದುವಿನ ಮೇಲೇ ಕಾಣ್ತಿದೆ ಅಂದ್ರೆ ಕರೆಕ್ಟ್ ಅಂತಾರೆ. ಅಡಿಯಲ್ಲಿರೋ ಉಪಗ್ರಹದ ಫೋಟೋನೂ ಕೆಲವು ಮೀಟರ್ ಸರಿದಿರಬೋದು, ಗುಡ್ಡದ ಇಳಿಜಾರಲ್ಲಂತೂ ಇನ್ನೂ ಜಾಸ್ತಿ. ಬೇರೆ ಬೇರೆ ವರ್ಷದ ಫೋಟೋ ಹಾಕಿ ನಿಮ್ಮ ಬಾವಿ ನೋಡಿ, ಬಾವಿ ನಡೀತಿರುತ್ತೆ.

ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ಗೆರೆ ಕಾಣುತ್ತೆ, ಯಾವ ಸರ್ವೆ ನಂಬರಲ್ಲಿ ನಿಂತಿದೀನಿ ಅಂತ ತಿಳ್ಕೊಳಕ್ಕೆ ಬಹಳ ಉಪಯೋಗ. ಆದ್ರೆ ಆ ಗೆರೆಗಳು ಹಳೇ ಗ್ರಾಮ ನಕ್ಷೆನ ತಂದು ಭೂಮಿ ಮೇಲೆ ಕೂರಿಸಿದ್ದು, ಆ ನಕ್ಷೆ ಚೈನು ಎಳೆದು ಮಾಡಿದ್ದು. ಗೆರೆಯ ತಪ್ಪು ಒಂದು, ಫೋನಿನ ತಪ್ಪು ಇನ್ನೊಂದು, ಎರಡೂ ಸೇರಿದ್ಮೇಲೆ ಗೆರೆ ನಮ್ಮ ಕಡೆ ಬಂದಿದೆ ಅಂತ ಕುಡುಗೋಲು ಹಿಡಿಯೋದು ಬೇಡ. ಬೆಳೆ ಸಮೀಕ್ಷೆ ಫೋಟೋ ತೆಗೆಯೋರೂ ಅಷ್ಟೇ, ಬದುವಿನ ಮೇಲೆ ನಿಲ್ಲಬೇಡಿ, ಜಮೀನಿನ ಮಧ್ಯಕ್ಕೆ ಹೋಗಿ.

ಹಳೇ ಟೋಪೋಶೀಟ್ ಇಟ್ಕೊಂಡು ಚಾರಣ ಮಾಡೋರಿಗೆ: ಆ ಹಾಳೆಗಳು ಎವರೆಸ್ಟ್ ಅನ್ನೋ, ಭೂಮಿಯ ಆಕಾರದ ಹಳೇ ಲೆಕ್ಕದ ಮೇಲೆ ಇವೆ, ಫೋನು ಡಬ್ಲ್ಯುಜಿಎಸ್-84 ಅನ್ನೋ ಹೊಸ ಲೆಕ್ಕದ ಮೇಲೆ. ಹಾಳೆಯಲ್ಲಿ ಓದಿದ ನಂಬರ್ ನೇರವಾಗಿ ಫೋನಿಗೆ ಹಾಕಿದ್ರೆ ನೂರು ಮೀಟರ್ ಮೇಲೇ ತಪ್ಪುತ್ತೆ. ಕಾಡಲ್ಲಿ ನೂರು ಮೀಟರ್ ಅಂದ್ರೆ ಬೇರೆ ಹಳ್ಳ.

ಎತ್ತರದ ವಿಷಯದಲ್ಲೂ ಇಂಥದ್ದೇ. ಬೆಂಗಳೂರಲ್ಲಿ ನಿಂತ್ರೆ ಕೆಲವು ಆಪು ನಿಜವಾದ ಎತ್ತರಕ್ಕಿಂತ 85 ಮೀಟರ್ ಆಸುಪಾಸು ಕಮ್ಮಿ ತೋರಿಸ್ತವೆ. ಫೋನ್ ಕೆಟ್ಟಿಲ್ಲ. ಉಪಗ್ರಹ ಎತ್ತರ ಅಳೆಯೋದು ಭೂಮಿಯ ಒಂದು ನುಣುಪಾದ ಗಣಿತದ ಆಕಾರದಿಂದ, ಸಮುದ್ರ ಮಟ್ಟದಿಂದ ಅಲ್ಲ, ನಮ್ಮ ದಕ್ಷಿಣ ಭಾರತದಲ್ಲಿ ಎರಡಕ್ಕೂ ಅಷ್ಟು ಅಂತರ ಇದೆ. ನೋಡಬೇಕು ಅಂದ್ರೆ ರೈಲ್ವೆ ಸ್ಟೇಷನ್ ಹಳದಿ ಬೋರ್ಡ್ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಅಂತ ಬರೆದಿರುತ್ತಲ್ಲ, ಪ್ಲಾಟ್‌ಫಾರ್ಮ್ ತುದಿಗೆ ಹೋಗಿ ಆಕಾಶ ಕಾಣೋ ಕಡೆ ನಿಂತು ಹೋಲಿಸಿ. ಆ 85 ಕೂಡಿಸಿದ ಮೇಲೂ ಹತ್ತು ಹದಿನೈದು ಮೀಟರ್ ಆಚೀಚೆ ಇದ್ದೇ ಇರುತ್ತೆ, ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡ ತಪ್ಪಿಗಿಂತ ಜಾಸ್ತಿ, ಯಾಕಂದ್ರೆ ಉಪಗ್ರಹ ಎಲ್ಲ ಮೇಲೇ ಇರ್ತವೆ, ಕಾಲಿನ ಕೆಳಗಿಂದ ಯಾವ್ದೂ ಇಣುಕಲ್ಲ.

ಇವು ಕಂಡ್ರೆ ಅಳತೆ ನಿಲ್ಲಿಸಿ

ಲಾಕ್ ಆದ ತಕ್ಷಣ ಚುಕ್ಕಿ ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ ಅಂದ್ರೆ ಅದು ನಿಖರತೆ ಅಲ್ಲ, ನೀವು ನಿಂತಿದೀರ ಅಂತ ಫೋನು ಚುಕ್ಕಿನ ಮೊಳೆ ಹೊಡೆದು ಕೂರಿಸಿದೆ ಅಂತ. ಹತ್ತು ಹೆಜ್ಜೆ ನಡೆದು ವಾಪಸ್ ಬಂದು ನೋಡಿ.

ಕೂತಲ್ಲೇ ಕೂತಿದ್ರೂ ವೇಗ ಗಂಟೆಗೆ 2-3 ಕಿಲೋಮೀಟರ್ ತೋರಿಸ್ತಿದ್ರೆ ಪ್ರತಿಧ್ವನಿ ಜೋರಾಗಿದೆ. ಎತ್ತರ ನಿಮಿಷಕ್ಕೆ ಇಪ್ಪತ್ತು ಮೂವತ್ತು ಮೀಟರ್ ಏರಿಳಿತ ಆಗ್ತಿದ್ರೂ ಅದೇ, ಅಡ್ಡಕ್ಕೂ ಸರೀತಿದೆ ಅಂತಾನೇ ತಿಳ್ಕೊಳ್ಳಿ.

ಬಳಸಿದ ಉಪಗ್ರಹ ಸೊನ್ನೆ ಅಂತಿದ್ರೂ ಪ್ಲಸ್-ಮೈನಸ್ 15 ಅಂತ ಚುಕ್ಕಿ ಬಂದಿದ್ರೆ ಅದು ವೈಫೈ, 2ನೇ ಹಂತಕ್ಕೆ ವಾಪಸ್.

ಎಲ್ಲ ಉಪಗ್ರಹದ ಸಿಗ್ನಲ್ ಬಲ ಒಂದೇ ಸಲಕ್ಕೆ ಬಿದ್ದು ಹೋದ್ರೆ ಹತ್ತಿರದಲ್ಲಿ ಜಾಮರ್ ಇರಬೋದು, ಅದು ನಮ್ಮೂರಲ್ಲಿ ಅಪರೂಪ, ಮೊದಲು ನೀವೇ ಅಡ್ಡ ನಿಂತಿದೀರಾ ನೋಡಿ. ಎಲ್ಲವೂ ಒಂದೇ ಸಮ ಜೋರಾಗಿ, ದಿಗಂತದ್ದೂ ತಲೆ ಮೇಲಿಂದೂ ಅಂತ ವ್ಯತ್ಯಾಸನೇ ಇಲ್ಲದೆ ಕಂಡು, ಚುಕ್ಕಿ ಎಲ್ಲೋ ದೂರಕ್ಕೆ ಹಾರಿದ್ರೆ ಯಾರೋ ಸುಳ್ಳು ಸಿಗ್ನಲ್ ಬಿಡ್ತಿರೋ ಲಕ್ಷಣ. ನಿಜವಾದ ಆಕಾಶದಲ್ಲಿ ಅಂಚಿಂದು ಯಾವಾಗ್ಲೂ ಸ್ವಲ್ಪ ಸೊರಗಿರುತ್ತೆ.

ಫೋನ್ ಸಾಲದು ಅಂತ ಗೊತ್ತಾದ್ಮೇಲೆ

6ನೇ ಹಂತದ ಕೊನೇ ನಂಬರ್ ಮತ್ತೆ 1ನೇ ಹಂತದಲ್ಲಿ ಬರೆದ ನಂಬರ್ ಪಕ್ಕಪಕ್ಕ ಇಡಿ. ಕೊನೇದು ಚಿಕ್ಕದಿದ್ರೆ ಧೈರ್ಯವಾಗಿ ಬಳಸಿ. ದೊಡ್ಡದಿದ್ರೆ ಹೊಸ ಫೋನ್ ತಗೋಬೇಡಿ, ಅರ್ಧ ಲಕ್ಷದ ಫೋನೂ ಅಡಿಕೆ ಸೋಗೆ ಕೆಳಗೆ ಅಡಿಕೆ ಸೋಗೆ ಕೆಳಗಿನ ಫೋನೇ.

ಗಡಿ ವಿಷಯ ಆದ್ರೆ ಹದ್ದುಬಸ್ತಿಗೆ ಅರ್ಜಿ ಹಾಕೋದೇ ದಾರಿ, ಮೂಲ ಸರ್ವೆಯ ಟಿಪ್ಪಣಿ ನೋಡಿ ಅಳೆದು ಕಲ್ಲು ತೋರಿಸ್ತಾರೆ. ಸರ್ವೆಯರ್ ರೋವರ್ ತಂದ್ರೆ ಸುಮ್ಮನೆ ನಿಂತು ನೋಡಬೇಡಿ, ಅದಕ್ಕೂ ಇದೇ ಪರೀಕ್ಷೆ ಇದೆ. ರೋವರ್ ತಿದ್ದುಪಡಿನ ಕಾರ್ಸ್ ಅನ್ನೋ, ಒಂದೇ ಕಡೆ ನೆಟ್ಟಿರೋ ಜಿಪಿಎಸ್ ಸ್ಟೇಷನ್‌ನಿಂದ ನೆಟ್ ಮೂಲಕ ತಗೊಂಡು ಸೆಂಟಿಮೀಟರ್ ಮಟ್ಟಕ್ಕೆ ಬರುತ್ತೆ, ಆದ್ರೆ ಸ್ಕ್ರೀನಿನಲ್ಲಿ ಫಿಕ್ಸ್ ಅಂತ ಇದ್ದಾಗ ಮಾತ್ರ. ಫ್ಲೋಟ್ ಅಂತ ಇದ್ರೆ ಅಡಿ ಲೆಕ್ಕದಲ್ಲಿ ತಪ್ಪಬೋದು, ಸಿಂಗಲ್ ಅಂತ ಇದ್ರೆ ಅದೂ ನಿಮ್ಮ ಫೋನಿನ ದೊಡ್ಡಣ್ಣ ಅಷ್ಟೇ. ತೋಟದೊಳಗೆ ಫಿಕ್ಸ್ ಬರೋದು ಕಷ್ಟ, ಬಂದಿದ್ದೂ ಸುಳ್ಳು ಫಿಕ್ಸ್ ಆಗಿರಬೋದು. ಸಾರ್ ಒಂದ್ಸಲ ಲಾಕ್ ಬಿಡಿಸಿ ಮತ್ತೆ ಅದೇ ಕಲ್ಲಿನ ಮೇಲೆ ಇಡ್ತೀರಾ ಅಂತ ಮರ್ಯಾದೆಯಿಂದ ಕೇಳಿ. ಎರಡೂ ಸಲ ಎರಡು ಮೂರು ಸೆಂಟಿಮೀಟರ್ ಒಳಗೆ ಬಂದ್ರೆ ಆ ನಂಬರ್‌ನ ನಿಮ್ಮ ನೋಟ್‌ಬುಕ್ಕಲ್ಲೂ ಬರ್ಕೊಳ್ಳಿ, 6ನೇ ಹಂತದಲ್ಲಿ ಬಾಕಿ ಉಳಿದಿದ್ದ ಲೆಕ್ಕನ ಅವತ್ತು ಸಂಜೆ ಮುಗಿಸಬೋದು. ನಾನು ಮುಗಿಸಿದಾಗ ನನ್ನ ಹತ್ತು ರೀಡಿಂಗಿನ ಸರಾಸರಿ ನಿಜವಾದ ಕಲ್ಲಿಂದ 1.8 ಮೀಟರ್ ಪೂರ್ವಕ್ಕಿತ್ತು, ಪಕ್ಕದವರ ಕಡೆಗೇ.